ಎಲ್ಫಿನ್‌ಸ್ಟನ್ ದೊರೆಯೂ ಕೃಷ್ಣಾತೀರದ ಮನೆತನಗಳೂ

ಸಹ್ಯಾದ್ರಿಯಿಂದಿಳಿದ ಕೃಷ್ಣೆಯು ಕಾಗವಾಡ, ಅಥಣಿಗಳನ್ನು ಎಡಕ್ಕೂ ಚಿಕ್ಕೋಡಿ, ರಾಯಬಾಗಗಳನ್ನು ಬಲಕ್ಕೂ ಬಿಟ್ಟು ಮೂಡಲಿಗೆ ಹರಿಯುವ ನಮ್ಮ ಈ ನೆಲ, ಯಾವ ಒಬ್ಬ ಪ್ರಭುವಿನ ಆಶ್ರಯದಲ್ಲಿಯೂ ಬಹುಕಾಲ ನೆಮ್ಮದಿಯಿಂದ ಉಳಿದ ನೆಲವಲ್ಲ. ಆದಿಲಶಾಹಿಯ ವೈಭವದ ದಿನಗಳಲ್ಲಿ ರಾಯಬಾಗದ ಪೇಟೆಯ ಹೆಸರು ಕಡಲಾಚೆಗೂ ಹೋಗಿತ್ತು. ಕೊಂಕಣದ ರಾಜಾಪುರದಲ್ಲಿ ಕೋಠಿ ತೆರೆದಿದ್ದ ಇಂಗ್ಲಿಷ್ ವರ್ತಕರು ಹದಿನೇಳನೆಯ ಶತಮಾನದಲ್ಲಿಯೇ ಮೆಣಸಿನ ಆಸೆಗೆ ಘಟ್ಟ ಹತ್ತಿ ಅಲ್ಲಿಗೆ ಬಂದಿದ್ದರು. 1679ರಲ್ಲಿ ಮೊಗಲ ಸರದಾರ ದಿಲೇರಖಾನನು ಅಥಣಿಯನ್ನು ಕೊಳ್ಳೆಹೊಡೆದು ಊರವರನ್ನು ಗುಲಾಮರಾಗಿ ಮಾರಹೊರಟಾಗ, ತಂದೆಯನ್ನು ತೊರೆದು ಅವನ ಪಾಳೆಯ ಸೇರಿದ್ದ ಸಂಭಾಜಿಯ ಮನಸ್ಸು ಕದಡಿತು. ಅವನು ಶಿವಾಜಿ ಮಹಾರಾಜನ ಬಳಿಗೆ ಮರಳಿದ ಹಾದಿ ನಮ್ಮ ಅಥಣಿಯ ಬೂದಿಯ ಮೇಲೆಯೇ ಸಾಗಿತು. 1731ರ ವಾರಣಾ ಒಪ್ಪಂದದಿಂದ ಛತ್ರಪತಿಗಳ ಮನೆ ಎರಡಾಗಿ, ಅಥಣಿಯು ಸಾತಾರೆಯ ಪಾಲಾಯಿತು. ಚಿಕ್ಕೋಡಿ ಮತ್ತು ಮುನವಳ್ಳಿ ಪರಗಣೆಗಳು ಮಾತ್ರ ಕೊಲ್ಲಾಪುರದ ಗಾದಿಗೂ ಪುಣೆಯ ಪೇಶ್ವೆಗೂ ನಡುವೆ ಪಗಡೆಯ ಕಾಯಿಗಳಂತೆ ಕೈಯಿಂದ ಕೈಗೆ ಸರಿಯುತ್ತಲೇ ಇದ್ದವು. 1799ರ ಸೆಪ್ಟೆಂಬರಿನಲ್ಲಿ, ಟಿಪ್ಪುವಿನ ಕಾಲದ ಮಹಾಸಮರಗಳಲ್ಲಿ ಹೆಸರಾಂತ ಪರಶುರಾಮಭಾವು ಪಟವರ್ಧನನು ಚಿಕ್ಕೋಡಿ ಸೀಮೆಯ ಪಟ್ಟಣಕುಡಿಯಲ್ಲಿ ಕೊಲ್ಲಾಪುರದ ಸೇನೆಯೊಡನೆ ಕಾದಿ ಪ್ರಾಣಬಿಟ್ಟನು. ಅಂದು ಕೃಷ್ಣಾತೀರದ ವೀರರು ಪರಸ್ಪರ ಕತ್ತಿ ಮಸೆಯುತ್ತಿದ್ದಾಗ, ಅವರೆಲ್ಲರ ಸನದುಗಳ ಮೇಲೂ ಮುಂದೊಂದು ದಿನ ತನ್ನ ಅಂಕಿತ ಹಾಕಬೇಕಾಗಿದ್ದ ಪುರುಷನು ಕಾಶಿಯಲ್ಲಿ ಒಬ್ಬ ಎಳೆಯ ಗುಮಾಸ್ತನಾಗಿದ್ದನು. ಅದೇ ವರ್ಷದ ಜನವರಿಯಲ್ಲಿ ಪದಚ್ಯುತ ನವಾಬ ವಜೀರ್ ಅಲಿಯ ಜನರು ಕಾಶಿಯ ಇಂಗ್ಲಿಷರ ಮೇಲೆ ಬಿದ್ದಾಗ ಅವನು ಕುದುರೆಯೇರಿ ಕೂದಲೆಳೆಯಲ್ಲಿ ಪಾರಾಗಿದ್ದನು.

ಅವನೇ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. 1779ರ ಅಕ್ಟೋಬರ್ 6ರಂದು ಸ್ಕಾಟ್ಲೆಂಡಿನ ಪುರಾತನ ಕುಲೀನ ವಂಶವೊಂದರಲ್ಲಿ, ಹನ್ನೊಂದನೆಯ ಲಾರ್ಡ್ ಎಲ್ಫಿನ್‌ಸ್ಟನ್ನನ ನಾಲ್ಕನೆಯ ಮಗನಾಗಿ ಹುಟ್ಟಿದವನು. ಆ ದೇಶದ ಕುಲಧರ್ಮದಂತೆ ಪದವಿ, ಭೂಮಿ, ಕೋಟೆ, ಮನೆಯ ಮಾನ ಎಲ್ಲವೂ ಜ್ಯೇಷ್ಠಪುತ್ರನವು. ಕಿರಿಯರಿಗೆ ಉಳಿಯುವುದು ವಂಶದ ಹೆಸರು ಮತ್ತು ಬಂಧುಗಳ ಶಿಫಾರಸು. ಹುಡುಗನ ಚಿಕ್ಕಪ್ಪನು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದುದರಿಂದ ಹದಿನಾರನೆಯ ವಯಸ್ಸಿಗೇ ಬಂಗಾಳದ ನೌಕರಿ ದೊರೆತು, 1796ರಲ್ಲಿ ಅವನು ಕಲ್ಕತ್ತೆಯಲ್ಲಿಳಿದನು. ಪಿತ್ರಾರ್ಜಿತದಲ್ಲಿ ಗೇಣು ನೆಲವೂ ಇಲ್ಲದೆ ಮನೆಬಿಟ್ಟು ಬಂದ ಈ ಕಿರಿಯ ಮಗನೇ ನಮ್ಮ ಸೀಮೆಯ ದೇಸಾಯಿ, ಸರದಾರ, ಜಹಗೀರದಾರರಲ್ಲಿ ಯಾರ ಪಿತ್ರಾರ್ಜಿತ ಉಳಿಯಬೇಕು, ಯಾರ ದತ್ತಕ ಸಲ್ಲಬೇಕು ಎಂಬ ತೀರ್ಪಿನ ಪೀಠವೇರಿದನೆಂಬುದು ವಿಧಿಯ ವಿಚಿತ್ರ ಘಟನೆ. ಅವನನ್ನು ದ್ವೇಷಿಸುವುದು ಸುಲಭವಲ್ಲ, ಅವನನ್ನು ಕ್ಷಮಿಸುವುದೂ ಸುಲಭವಲ್ಲ.

ಅವನ ಪ್ರತಿಭೆ ಬಹುಮುಖವಾದುದು. ಪಾರಸಿಯನ್ನು ಕಲಿತನು, ಗ್ರೀಕ್ ನಾಟಕಗಳನ್ನು ಬೆಳಗಿನ ಜಾವ ದೀಪದ ಬೆಳಕಿನಲ್ಲಿ ಓದಿ, ಸೂರ್ಯೋದಯಕ್ಕೆ ಭರ್ಚಿ ಹಿಡಿದು ಕಾಡುಹಂದಿಯ ಬೇಟೆಗೆ ಹೊರಡುತ್ತಿದ್ದನು. 1803ರಲ್ಲಿ ಜನರಲ್ ಆರ್ಥರ್ ವೆಲ್ಲೆಸ್ಲಿಯು ಮೈಸೂರಿನ ಸೇನೆಯೊಡನೆ ತುಂಗಭದ್ರೆಯನ್ನು ದಾಟಿ, ನಮ್ಮ ನಾಡಿನ ಮಧ್ಯದಲ್ಲಿಯೇ ಹಾದು ಮಿರಜಿನ ಮಾರ್ಗವಾಗಿ ಪುಣೆಗೆ ನಡೆದು ಪೇಶ್ವೆ ಬಾಜೀರಾಯನನ್ನು ಗಾದಿಗೆ ಮರಳಿಸಿದನಷ್ಟೆ. ಆ ವರ್ಷದ ಯುದ್ಧದಲ್ಲಿ ಎಲ್ಫಿನ್‌ಸ್ಟನ್ನನು ಅವನ ಕಾರ್ಯದರ್ಶಿಯಾಗಿ ಸೇರಿ ಅಸ್ಸಾಯಿಯ ರಣದಲ್ಲಿ ಅವನ ಕುದುರೆಯ ಪಕ್ಕದಲ್ಲಿಯೇ ತನ್ನ ಕುದುರೆಯನ್ನು ನಡೆಸಿದನು. ಈತ ಸೈನಿಕನಾಗಬೇಕಿತ್ತು, ತಪ್ಪಿ ಲೇಖನಿ ಹಿಡಿದಿದ್ದಾನೆ ಎಂದು ವೆಲ್ಲೆಸ್ಲಿಯೇ ಮೆಚ್ಚಿದನೆಂದು ಪ್ರತೀತಿ. ಅದೇ ದಂಡಿನಲ್ಲಿ ಪೇಶ್ವೆಯ ಪರವಾಗಿ ಬಂದಿದ್ದ ಮರಾಠಾ ಕುದುರೆ ಸವಾರರ ನಾಯಕರಿಬ್ಬರಲ್ಲಿ ಒಬ್ಬನು ಬಾಪು ಗೋಖಲೆ. ಇನ್ನೊಬ್ಬನು ಇಂಗ್ಲಿಷರ ಕಾಗದಪತ್ರಗಳಲ್ಲಿ ಅಪ್ಪಾ ದೇಸಾಯಿಯೆಂದು ಹೆಸರಾದ ನಿಪ್ಪಾಣಿಯ ಸಿದ್ಧೋಜಿರಾವ್ ನಾಯಿಕ ನಿಂಬಾಳಕರ. ಹೀಗೆ ನಿಪ್ಪಾಣಿಯ ಒಡೆಯನೂ ಸ್ಕಾಟಿಷ್ ಕುಲೀನನೂ ಒಂದೇ ಪಕ್ಷದ ಯೋಧರಾಗಿ ಒಂದೇ ರಣದ ಧೂಳು ಕುಡಿದರು. ಮುಂದಿನ ಮೂವತ್ತೈದು ವರ್ಷಗಳಲ್ಲಿ ಒಬ್ಬನ ಏರಿಕೆಯೂ ಇನ್ನೊಬ್ಬನ ಮನೆಯ ಇಳಿಕೆಯೂ ಒಂದೇ ದಾರದಲ್ಲಿ ಹೆಣೆದುಕೊಳ್ಳಲಿದ್ದವು.

ನಾಗಪುರದ ರೆಸಿಡೆಂಟನಾಗಿ, ಬಳಿಕ 1809ರಲ್ಲಿ ಪೇಶಾವರದಲ್ಲಿ ಕಾಬೂಲಿನ ಶಾ ಶುಜಾನ ಸಮ್ಮುಖದಲ್ಲಿ ರಾಯಭಾರಿಯಾಗಿ ನಿಂತು, 1811ರಲ್ಲಿ ಅವನು ಪುಣೆಯ ರೆಸಿಡೆನ್ಸಿಗೆ ಒಡೆಯನಾಗಿ ಬಂದನು. ಮುಳಾ ಮುಠಾ ನದಿಗಳ ಸಂಗಮದಲ್ಲಿದ್ದ ಆ ಬಂಗಲೆಯಿಂದ ಅವನು ದಕ್ಷಿಣಕ್ಕೆ ನೋಡಿದಾಗ ಕಂಡುದು ಒಂದು ಜಟಿಲವಾದ ಚಿತ್ರ. ಕಾಗವಾಡ, ಶೇಡಬಾಳ, ಮಿರಜ, ಸಾಂಗಲಿ, ಜಮಖಂಡಿಗಳಲ್ಲಿ ಪಟವರ್ಧನರ ಶಾಖೆಗಳು. ನಿಪ್ಪಾಣಿಯಲ್ಲಿ ಕೋಟೆ ವಾಡೆಗಳನ್ನು ಕಟ್ಟಿ ಸರಲಷ್ಕರನೆಂಬ ಬಿರುದು ಧರಿಸಿದ ಸಿದ್ಧೋಜಿರಾಯ. ಕಿತ್ತೂರಿನಲ್ಲಿ ಮಲ್ಲಸರ್ಜ ದೇಸಾಯಿ. ಪಶ್ಚಿಮದಲ್ಲಿ ಕೊಲ್ಲಾಪುರದ ಛತ್ರಪತಿ. ಇವರೆಲ್ಲರನ್ನೂ ಕಿತ್ತೊಗೆದು ಅವರ ಭೂಮಿಯನ್ನು ನುಂಗಬೇಕೆಂಬುದು ಎರಡನೆಯ ಬಾಜೀರಾಯನ ಹಂಬಲ. ತನ್ನ ದಂಡು ಸಾಲದೆ ಬಾಜೀರಾಯನು ಕಂಪನಿಯ ಮೊರೆಹೊಕ್ಕನು. 1812ರ ಬೇಸಿಗೆಯ ಕೊನೆಗೆ ಪಂಢರಪುರದಲ್ಲಿ ಕಂಪನಿಯ ಪಡೆಗಳು ನೆರೆದವು. ವಿಠ್ಠಲನ ಸನ್ನಿಧಿಯ ಆ ಕ್ಷೇತ್ರದಲ್ಲಿ ಭಕ್ತರಿಗೆ ಬದಲಾಗಿ ವಕೀಲರೂ ದಂಡನಾಯಕರೂ ಸೇರಿದರು. ಎಲ್ಫಿನ್‌ಸ್ಟನ್ನನು ನಿರ್ಣಯಿಸಿದ ಕರಾರು ಸರಳವೆಂಬಂತೆ ತೋರುತ್ತಿತ್ತು. ಜಹಗೀರದಾರರು ಪೇಶ್ವೆಗೆ ಸಲ್ಲಬೇಕಾದ ಚಾಕರಿಯನ್ನು ಸಲ್ಲಿಸಬೇಕು. ಸನದಿಲ್ಲದೆ ಒತ್ತಿಕೊಂಡ ಭೂಮಿಯನ್ನು ಬಿಡಬೇಕು. ಸನದಿನಂತೆ ಬಂದ ಸರಂಜಾಮನ್ನು ಪೇಶ್ವೆಯು ಮುಟ್ಟಕೂಡದು. ಇದಕ್ಕೆಲ್ಲ ಕಂಪನಿಯೇ ಹೊಣೆ. ಅದೇ ವರ್ಷ ಕೊಲ್ಲಾಪುರದ ರಾಜನು ಮಾಲವಣದ ಬಂದರನ್ನು ಇಂಗ್ಲಿಷರಿಗೆ ಬಿಟ್ಟು, ಚಿಕ್ಕೋಡಿ ಮುನವಳ್ಳಿಗಳ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾಯಿತು.

ಓದುಗರು ಈ ಕ್ಷಣದಲ್ಲಿ ಸ್ವಲ್ಪ ನಿಲ್ಲಬೇಕು. ಖಡ್ಕಿಯ ಕದನವನ್ನೂ ಕೋರೆಗಾಂವದ ಸ್ತಂಭವನ್ನೂ ನಾವು ಶಾಲೆಯಲ್ಲಿ ಕಲಿಯುತ್ತೇವೆ. ಪಂಢರಪುರದ ಕಾಗದವನ್ನು ಯಾರೂ ಕಲಿಸುವುದಿಲ್ಲ. ಆದರೆ ಕೃಷ್ಣಾತೀರದ ಸ್ವಾತಂತ್ರ್ಯವು ಕೈಬಿಟ್ಟದ್ದು ಆ ಕಾಗದದಲ್ಲಿ. ಅಲ್ಲಿಯವರೆಗೆ ನಿಪ್ಪಾಣಿಕರನ ಭೂಮಿಯನ್ನು ಅವನ ಕುದುರೆಗಳೂ ಭಾಲೆಗಳೂ ಕಾಯುತ್ತಿದ್ದವು. ಅಂದಿನಿಂದ ಅದನ್ನು ಕಾಯುವ ಭಾರವನ್ನು ಸಂಗಮದ ಬಂಗಲೆಯಲ್ಲಿದ್ದ ಲೇಖನಿಯೊಂದು ವಹಿಸಿಕೊಂಡಿತು. ಕಾಯುವ ಶಕ್ತಿಯುಳ್ಳವನಿಗೆ ಕಸಿಯುವ ಶಕ್ತಿಯೂ ಇರುತ್ತದೆಂಬುದನ್ನು ಪೇಶ್ವೆಯ ಭಯದಲ್ಲಿದ್ದ ನಮ್ಮ ಮನೆತನಗಳು ಗಣಿಸಲಿಲ್ಲ. ಗಣಿಸಿದ್ದರೂ ಅವಕ್ಕೆ ಬೇರೆ ದಾರಿಯಿತ್ತೆಂದು ಹೇಳುವುದು ಕಷ್ಟ.

ಮುಂದಿನ ಘಟನೆಗಳು ತ್ವರಿತಗತಿಯವು. 1815ರ ಜುಲೈಯಲ್ಲಿ ಬಡೋದೆಯ ರಾಯಭಾರಿ ಗಂಗಾಧರ ಶಾಸ್ತ್ರಿಯು ಅದೇ ಪಂಢರಪುರದಲ್ಲಿ ಕೊಲೆಯಾದನು. ಪೇಶ್ವೆಯ ಪ್ರೀತಿಪಾತ್ರ ತ್ರಿಂಬಕಜಿ ಡೇಂಗಳೆಯು ಸೆರೆಯಾಗಿ, ಮರುವರ್ಷ ಠಾಣೆಯ ಕೋಟೆಯಿಂದ ತಪ್ಪಿಸಿಕೊಂಡನು. 1817ರ ನವೆಂಬರ್ 5ರಂದು ಖಡ್ಕಿಯಲ್ಲಿ ಯುದ್ಧ ಸಿಡಿಯಿತು. ಸಂಗಮದ ರೆಸಿಡೆನ್ಸಿಗೆ ಬೆಂಕಿ ಬಿದ್ದು ಎಲ್ಫಿನ್‌ಸ್ಟನ್ನನ ಗ್ರಂಥಭಂಡಾರವೆಲ್ಲ ಭಸ್ಮವಾಯಿತು. ಬಾಜೀರಾಯನು ಓಡತೊಡಗಿದನು, ಅವನ ಹಿಂದೆ ದಕ್ಷಿಣದ ಸರದಾರರು ಅರೆಮನಸ್ಸಿನಿಂದ ಕುದುರೆ ಓಡಿಸಿದರು. 1818ರ ಫೆಬ್ರವರಿಯಲ್ಲಿ ಸಾತಾರೆಯನ್ನು ಹಿಡಿದ ಎಲ್ಫಿನ್‌ಸ್ಟನ್ನನು ಒಂದು ಜಾಹೀರನಾಮೆಯನ್ನು ಹೊರಡಿಸಿದನು: ಪೇಶ್ವೆಯ ಆಳ್ವಿಕೆ ಮುಗಿಯಿತು, ವತನ, ಇನಾಂ, ವರ್ಷಾಸನ, ದೇವಸ್ಥಾನದ ಉಂಬಳಿಗಳೆಲ್ಲ ಹಾಗೆಯೇ ನಡೆಯುವವು, ಬಾಜೀರಾಯನನ್ನು ಎರಡು ತಿಂಗಳೊಳಗೆ ಬಿಟ್ಟು ಬಂದವರ ಭೂಮಿ ಅವರಿಗೇ ಉಳಿಯುವುದು. ಅದೇ ತಿಂಗಳು ಆಷ್ಟಿಯಲ್ಲಿ ಬಾಪು ಗೋಖಲೆಯು ಕತ್ತಿ ಹಿಡಿದೇ ಬಿದ್ದನು. ಅಸ್ಸಾಯಿಯ ಮೂವರು ಸಹಯೋಧರಲ್ಲಿ ಒಬ್ಬನು ಹೀಗೆ ರಣದಲ್ಲಿ ಮಲಗಿದನು, ಒಬ್ಬನು ಗೆದ್ದನು. ನಿಪ್ಪಾಣಿಯ ಸಿದ್ಧೋಜಿರಾಯನು ಕಾಲದ ಮುಖ ನೋಡಿ ಪೇಶ್ವೆಯ ದಂಡಿನಿಂದ ಕಳಚಿಕೊಂಡು ಮನೆಗೆ ಮರಳಿದನು.

ಇತ್ತ ನಮ್ಮ ಕನ್ನಡ ಸೀಮೆಯಲ್ಲಿ ಥಾಮಸ್ ಮನ್ರೋ ಎಂಬ ಇನ್ನೊಬ್ಬ ಸ್ಕಾಟಿಷ್ ಪುರುಷನು ಬೆರಳೆಣಿಕೆಯ ಸಿಪಾಯಿಗಳೊಡನೆ ಧಾರವಾಡದಿಂದ ಹೊರಟು, ಊರೂರಿನ ಕಟ್ಟಾಳುಗಳನ್ನೇ ಕೂಡಿಸಿಕೊಂಡು ಬಾದಾಮಿ, ಬಾಗಲಕೋಟೆಗಳನ್ನು ಗೆದ್ದು 1818ರ ಏಪ್ರಿಲ್ 10ರಂದು ಬೆಳಗಾವಿಯ ಕೋಟೆಯನ್ನು ವಶಮಾಡಿಕೊಂಡನು. ಆ ಮುತ್ತಿಗೆಯಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಇಂಗ್ಲಿಷರಿಗೆ ನೆರವಾದನು. ಕೊಲ್ಲಾಪುರದ ಅರಸನೂ ಮೊದಲಿನಿಂದ ಕಂಪನಿಯ ಪಕ್ಷ ಹಿಡಿದಿದ್ದನು. ಬಹುಮಾನ ಹಂಚುವ ಕಾಲ ಬಂದಾಗ, ಆರು ವರ್ಷಗಳ ಹಿಂದೆ ಯಾವ ಪರಗಣೆಗಳ ಹಕ್ಕನ್ನು ಕೊಲ್ಲಾಪುರದಿಂದ ಬಿಡಿಸಲಾಗಿತ್ತೋ ಅದೇ ಚಿಕ್ಕೋಡಿ ಮುನವಳ್ಳಿಗಳನ್ನು ನಿಪ್ಪಾಣಿಕರನ ಕೈಯಿಂದ ತೆಗೆದು ಕೊಲ್ಲಾಪುರಕ್ಕೆ ಕೊಡಲಾಯಿತು. ನೇಗಿಲು ಹಿಡಿದ ಚಿಕ್ಕೋಡಿಯ ರೈತನಿಗೆ ಈ ಧರ್ಮಸೂಕ್ಷ್ಮವು ಎಷ್ಟು ಅರ್ಥವಾಯಿತೋ ಹೇಳಲಾರೆ. ಅವನ ಪಾಲಿಗೆ ಕಂದಾಯ ಒಯ್ಯಲು ಬರುವ ಸವಾರನ ಪೇಟದ ಬಣ್ಣವಷ್ಟೇ ಬದಲಾಗಿತ್ತು.

ಗೆದ್ದ ನಾಡಿನ ಕಮಿಷನರನಾಗಿ ಎಲ್ಫಿನ್‌ಸ್ಟನ್ನನು ತೋರಿದ ಸಂಯಮವನ್ನು ಅವನ ವೈರಿಗಳೂ ಒಪ್ಪಬೇಕು. ಶಿವಾಜಿಯ ವಂಶದ ಪ್ರತಾಪಸಿಂಹನನ್ನು ಸಾತಾರೆಯ ಗಾದಿಯಲ್ಲಿ ಕೂರಿಸಿದನು. ಗೌಡ, ಕುಲಕರ್ಣಿ, ದೇಸಾಯಿ, ದೇಶಪಾಂಡೆಯರ ವತನಗಳನ್ನು ಉಳಿಸಿದನು. ಪಂಚಾಯಿತಿಯ ನ್ಯಾಯವೇ ನಡೆಯಲಿ ಎಂದನು. ಪೇಶ್ವೆಯಿಂದ ಗೆದ್ದ ಪ್ರಾಂತ್ಯಗಳನ್ನು ಕುರಿತು 1819ರಲ್ಲಿ ಅವನು ಬರೆದ ವರದಿಯು ಇಂದಿಗೂ ಇತಿಹಾಸಕಾರರ ಆಕರ. ಹಳೆಯ ಮನೆತನಗಳು ಮುರಿದುಬಿದ್ದರೆ ಸಮಾಜವೇ ಮಟ್ಟಸವಾದ ಬಯಲಾಗಿಬಿಡುವುದೆಂದು ಆ ಕುಲೀನನು ನಂಬಿದ್ದನು. ಆ ನಂಬಿಕೆ ಕಪಟವಾಗಿರಲಿಲ್ಲ. ಆದರೆ ಅದೇ ಕೈ ವಜ್ರಮುಷ್ಟಿಯೂ ಆಗಿತ್ತು. ಪುಣೆಯಲ್ಲಿ ಪೇಶ್ವೆಯನ್ನು ಮತ್ತೆ ತರುವ ಪಿತೂರಿಯೊಂದು ಬಯಲಾದಾಗ ಅದರ ಮುಖಂಡರನ್ನು ಅವನು ತೋಪಿನ ಬಾಯಿಗೆ ಕಟ್ಟಿಸಿ ಉಡಾಯಿಸಿದನು. ಇದಕ್ಕೆ ಮುಂದೆ ರಕ್ಷಣೆಯಾಗಿ ಕಾನೂನಿನ ಮಾಫಿಯೊಂದನ್ನು ಪಡೆದುಕೊಳ್ಳೆಂದು ಬೊಂಬಾಯಿಯ ಗವರ್ನರನು ಸೂಚಿಸಿದರೆ, ತಾನು ಮಾಡಿದ್ದು ತಪ್ಪಾದರೆ ಶಿಕ್ಷೆಯೇ ಆಗಲಿ, ಸರಿಯಾದರೆ ಮಾಫಿ ಯಾಕೆ ಎಂಬರ್ಥದಲ್ಲಿ ಉತ್ತರಿಸಿದನಂತೆ.

1819ರ ನವೆಂಬರ್ 1ರಂದು ಅವನು ತಾನೇ ಬೊಂಬಾಯಿಯ ಗವರ್ನರನಾದನು. ಎಂಟು ವರ್ಷಗಳ ಆ ಅಧಿಕಾರದಲ್ಲಿ ಅವನು ಪುಣೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದನು. ಶಾಲಾಪುಸ್ತಕಗಳನ್ನು ಅಚ್ಚುಹಾಕಿಸುವ ಸಂಘಕ್ಕೆ ಬೆನ್ನಾಗಿ ನಿಂತನು. 1827ರಲ್ಲಿ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಕಾನೂನು ಸಂಹಿತೆಯನ್ನು ಜಾರಿಗೆ ತಂದನು. ಅವನ ಡೇರೆಯ ಮೂಲೆಯಲ್ಲಿ ರಾಶಿಬಿದ್ದಿದ್ದ ಮರಾಠಿ ಪುಸ್ತಕಗಳನ್ನು ಕಂಡ ಅಧಿಕಾರಿಯೊಬ್ಬನು ಇವು ಯಾತಕ್ಕೆ ಎಂದಾಗ, ಇಲ್ಲಿನವರಿಗೆ ವಿದ್ಯೆ ಕಲಿಸಲಿಕ್ಕೆ, ಆದರೆ ನಾವು ಯುರೋಪಿಗೆ ಮರಳುವ ರಾಜಮಾರ್ಗವೂ ಇದೇ ಎಂದನೆಂದು ಕಥೆಯಿದೆ. ಸಾಮ್ರಾಜ್ಯದ ಶಿಲ್ಪಿಯೊಬ್ಬನು ಅದರ ಅಂತ್ಯವನ್ನು ಕಟ್ಟುವಾಗಲೇ ಕಂಡಿದ್ದನೆಂಬುದು ಸೋಜಿಗ. ಆದರೆ ಕನ್ನಡಿಗರು ಆ ರಾಶಿಯನ್ನು ಮತ್ತೊಂದು ಕಣ್ಣಿನಿಂದ ನೋಡಬೇಕಾಗುತ್ತದೆ: ಅದು ಮರಾಠಿ ಪುಸ್ತಕಗಳ ರಾಶಿ. ಮರಾಠಿಯೇ ಪೇಶ್ವೆಯ ನಾಡಿನ ದಫ್ತರದ ಭಾಷೆಯಾಗಿ ಉಳಿದು, ಚಿಕ್ಕೋಡಿ ಅಥಣಿಗಳ ಮನೆಯಲ್ಲಿ ಕನ್ನಡ ಕಲಿತ ಮಗು ಶಾಲೆಯಲ್ಲಿ ದಶಕಗಳ ಕಾಲ ಬೇರೊಂದು ನುಡಿಯಲ್ಲಿ ಅಕ್ಷರ ತಿದ್ದಬೇಕಾಯಿತು. ಡೆಪ್ಯುಟಿ ಚನ್ನಬಸಪ್ಪನಂಥವರು ಬಂದು ಈ ಕೊರತೆ ತುಂಬುವುದಕ್ಕೆ ಒಂದು ತಲೆಮಾರು ಕಾಯಬೇಕಿತ್ತು.

ಅವನ ಗವರ್ನರಗಿರಿಯ ಕಠಿಣ ಪರೀಕ್ಷೆ ಕಿತ್ತೂರಿನಲ್ಲಾಯಿತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಸಂದೇಹಿಸಿ, ಬೊಂಬಾಯಿಯ ಅಂತಿಮ ನಿರ್ಣಯ ಬರುವ ಮೊದಲೇ ಖಜಾನೆಗೆ ಮೊಹರು ಹಾಕಿಸಿದನು. ಅಕ್ಟೋಬರ್ 23ರಂದು ಚೆನ್ನಮ್ಮರಾಣಿಯ ಕೋಟೆಯ ಬಾಗಿಲು ತೆರೆಯಿತು. ಹೊರಬಂದ ಕಿತ್ತೂರ ವೀರರ ಎದುರಿಗೆ ಥ್ಯಾಕರೆಯು ಹತನಾದನು. ಬೆಳಗಾವಿ ಬಿದ್ದ ದಿನ ಕಂಪನಿಗೆ ಹೆಗಲು ಕೊಟ್ಟಿದ್ದ ಮನೆ ಅದು. ಅದರ ಮೇಲೆ ಡಿಸೆಂಬರಿನ ಮೊದಲ ವಾರ ಕಮಿಷನರ್ ಚಾಪ್ಲಿನ್ನನ ದೊಡ್ಡ ದಂಡು ಎರಗಿತು. ಕೋಟೆ ಬಿದ್ದಿತು, ರಾಣಿಯು ಬೈಲಹೊಂಗಲದಲ್ಲಿ ಬಂದಿಯಾಗಿ 1829ರಲ್ಲಿ ದೇಹಬಿಟ್ಟಳು. ಥ್ಯಾಕರೆಯ ಆತುರವನ್ನು ದೂರಿ ಎಲ್ಫಿನ್‌ಸ್ಟನ್ನನನ್ನು ದೋಷಮುಕ್ತಗೊಳಿಸುವ ಬರಹಗಾರರಿದ್ದಾರೆ. ನಾನು ಆ ಪಂಕ್ತಿಯವನಲ್ಲ. ಹಳೆಯ ಮನೆತನಗಳನ್ನು ಪೊರೆಯಬೇಕೆಂದ ಅದೇ ಸರ್ಕಾರವು, ಆ ಮನೆತನಗಳು ಉಳಿಯುವ ಒಂದೇ ಶಾಸ್ತ್ರೋಕ್ತ ಉಪಾಯವಾದ ದತ್ತಕಕ್ಕೆ ತನ್ನ ಅಪ್ಪಣೆ ಬೇಕೆಂದಿತು. ಆ ಒಂದು ಅಪ್ಪಣೆಯ ಮಾತಿನಲ್ಲಿ ಕಿತ್ತೂರೂ ನಿಪ್ಪಾಣಿಯೂ ಶೇಡಬಾಳವೂ ಮುಳುಗಿದವು.

ಕೊಲ್ಲಾಪುರದಲ್ಲಿಯೂ ಕಾಲವು ಕೆಟ್ಟಿತ್ತು. 1821ರಲ್ಲಿ ಅರಸ ಆಬಾಸಾಹೇಬನು ಕೊಲೆಯಾಗಿ ಅವನ ತಮ್ಮ ಬಾವಾಸಾಹೇಬನು ಪಟ್ಟವೇರಿದನು. ಉದ್ಧಟನೂ ಉಪದ್ರವಿಯೂ ಆದ ಅವನು ನೆರೆಯ ಕಾಗಲ, ಇಚಲಕರಂಜಿಗಳ ಭೂಮಿಗೆ ಕೈಹಾಕಿದನು. ಎಲ್ಫಿನ್‌ಸ್ಟನ್ನನ ಸರ್ಕಾರವು ದಂಡು ಕಳಿಸಿ 1826ರ ಜನವರಿಯಲ್ಲಿ ಅವನಿಂದ ಕರಾರು ಬರೆಸಿಕೊಂಡಿತು. ಅವನು ಮತ್ತೆ ಮುರಿದನು, ದಂಡು ಮತ್ತೆ ನಡೆಯಿತು. ಈ ಕಲಹದ ಕೊನೆಗೆ, 1829ರ ಒಪ್ಪಂದದ ಹೊತ್ತಿಗೆ, ಚಿಕ್ಕೋಡಿ ಮುನವಳ್ಳಿಗಳು ಕೊಲ್ಲಾಪುರದ ಕೈತಪ್ಪಿ ಕಂಪನಿಯ ಪಾಲಾದವು. ಪೇಶ್ವೆ, ನಿಪ್ಪಾಣಿ, ಕೊಲ್ಲಾಪುರ, ಕಂಪನಿ ಎಂದು ಒಂದೇ ತಲೆಮಾರಿನಲ್ಲಿ ಇಷ್ಟು ಒಡೆಯರನ್ನು ಕಂಡ ಪರಗಣೆ ಕರ್ನಾಟಕದಲ್ಲಿ ವಿರಳ. ರಾಯಬಾಗವು ಮಾತ್ರ ಕೊಲ್ಲಾಪುರದಲ್ಲಿಯೇ ಉಳಿಯಿತು.

ಅಷ್ಟರಲ್ಲಿ, 1827ರ ನವೆಂಬರಿನಲ್ಲಿಯೇ, ಎಲ್ಫಿನ್‌ಸ್ಟನ್ನನು ಹಡಗನ್ನೇರಿದ್ದನು. ಮೂವತ್ತೊಂದು ವರ್ಷ ಭಾರತದಲ್ಲಿದ್ದು, ಒಮ್ಮೆಯೂ ತವರಿಗೆ ಹೋಗದೆ, ಗ್ರೀಸಿನ ಅವಶೇಷಗಳನ್ನು ನೋಡುತ್ತ ನಿಧಾನವಾಗಿ ಮರಳಿದನು. ಗವರ್ನರ್ ಜನರಲ್ ಪದವಿಯು ಎರಡು ಸಲ ಬಾಗಿಲಿಗೆ ಬಂದಾಗಲೂ ಒಲ್ಲೆನೆಂದನು. 1841ರಲ್ಲಿ ಭಾರತದ ಇತಿಹಾಸವನ್ನು ಬರೆದು ಪ್ರಕಟಿಸಿದನು. ಅದೇ 1841ರಲ್ಲಿ ನಿಪ್ಪಾಣಿಯ ಕೋಟೆಯು ಅಂತಿಮ ಹೋರಾಟವನ್ನು ಕಂಡಿತು. ಅಸ್ಸಾಯಿಯ ಯೋಧ ಸಿದ್ಧೋಜಿರಾಯನು 1839ರಲ್ಲಿ ಔರಸಪುತ್ರನಿಲ್ಲದೆ ತೀರಿಕೊಂಡಿದ್ದನು. ಅವನ ಸಂಸ್ಥಾನವನ್ನೂ ಅದರೊಡನೆ ಅಥಣಿಯನ್ನೂ ಕಂಪನಿಯು ಖಾಲಸಾ ಮಾಡಿತ್ತು. ಕೋಟೆಯನ್ನು ಹಿಡಿದು ಕೂತ ಅರಬ್ ಸಿಪಾಯಿಗಳ ಮೇಲೆ ಇಂಗ್ಲಿಷ್ ತೋಪುಗಳು ಹಾರಿದವು. ದಂಗೆ ಅಡಗಿದ ಮೇಲೆ ಕೋಟೆಯ ಗೋಡೆಗಳನ್ನೂ ಕೆಡವಲಾಯಿತು. ಅಷ್ಟರೊಳಗೆ, 1836ರಲ್ಲಿಯೇ, ಬೆಳಗಾವಿಯು ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಗಿತ್ತು.

ಉತ್ತರಾಧಿಕಾರದ ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. 1853ರಲ್ಲಿ ಬೊಂಬಾಯಿಯ ಗವರ್ನರನಾಗಿ ಬಂದವನು ಜಾನ್, ಹದಿಮೂರನೆಯ ಲಾರ್ಡ್ ಎಲ್ಫಿನ್‌ಸ್ಟನ್. ಮೌಂಟ್‌ಸ್ಟುವರ್ಟನ ಹಿರಿಯಣ್ಣನ ಮಗ. ದೊಡ್ಡ ಮನೆಯ ಜ್ಯೇಷ್ಠಶಾಖೆಗೆ ಲಾರ್ಡ್ ಪದವಿಯೂ ದಕ್ಕಿತು, ಚಿಕ್ಕಪ್ಪನು ಕೂತಿದ್ದ ಪೀಠವೂ ದಕ್ಕಿತು. ಅವನ ಕಾಲದಲ್ಲಿ ಇನಾಂ ಕಮಿಷನ್ನಿನ ಗುಮಾಸ್ತರು ಹಳ್ಳಿಹಳ್ಳಿಯ ಪೆಟಾರಿಗಳನ್ನು ತೆರೆಸಿ ಜೀರ್ಣವಾದ ಸನದುಗಳನ್ನು ಶೋಧಿಸಿದರು. 1857ರಲ್ಲಿ ಪಟವರ್ಧನರ ಶೇಡಬಾಳ ಕಾಗವಾಡದ ಶಾಖೆಯೂ ವಾರಸುದಾರನಿಲ್ಲವೆಂದು ಖಾಲಸಾ ಆಯಿತು. ಅದೇ ವರ್ಷದ ಜುಲೈ ಕೊನೆಗೆ ಕೊಲ್ಲಾಪುರದ ಸಿಪಾಯಿಗಳು ಎದ್ದರು. ನವೆಂಬರಿನಲ್ಲಿ ಹಲಗಲಿಯ ಬೇಡರು ಹತಾರ ಒಪ್ಪಿಸೆವೆಂದು ಸೆಟೆದುನಿಂತರು. ದತ್ತಕದ ಅಪ್ಪಣೆ ದೊರೆಯದ ನರಗುಂದದ ಬಾಬಾಸಾಹೇಬನು 1858ರ ಮೇ 29ರಂದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆಯನ್ನು ಕಡಿಸಿದನು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು.

ಹಿರಿಯ ಎಲ್ಫಿನ್‌ಸ್ಟನ್ನನು ಈ ಸುದ್ದಿಗಳ ಕಾಲಕ್ಕೂ ಬದುಕಿದ್ದನು. ಕಡೆಯ ವರ್ಷಗಳಲ್ಲಿ ಡಾಲ್‌ಹೌಸಿಯ ಖಾಲಸಾ ನೀತಿಯನ್ನು ಅವನು ಮೆಚ್ಚಿರಲಿಲ್ಲ. ದೇಶೀಯ ಸಂಸ್ಥಾನಗಳನ್ನು ಉಳಿಸಬೇಕೆಂಬುದೇ ಅವನ ಮತವಾಗಿತ್ತು. ತಾನು ನೆಟ್ಟ ಬೀಜದ ಫಲವನ್ನು ಅವನು ಗುರುತಿಸಿದನೋ ಇಲ್ಲವೋ, ಅವನ ಅಂತರಂಗಕ್ಕೆ ಗೊತ್ತು. 1859ರ ನವೆಂಬರ್ 20ರಂದು ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ತನ್ನ ಹುಕ್‌ವುಡ್ ಮನೆಯಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ.

ಮೂರು ವರ್ಷಗಳ ತರುವಾಯ, 1862ರಲ್ಲಿ, ವೈಸರಾಯ್ ಕ್ಯಾನಿಂಗನು ದೇಶೀಯ ಅರಸರಿಗೆ ದತ್ತಕದ ಸನದುಗಳನ್ನು ಹಂಚಿದನು. ಕೊಲ್ಲಾಪುರಕ್ಕೆ ಸನದು ಬಂದಿತು. ಸಾಂಗಲಿಗೆ, ಜಮಖಂಡಿಗೆ ಬಂದಿತು. ಆ ಸನದನ್ನು ಕೈಚಾಚಿ ಪಡೆಯಲು ಕಿತ್ತೂರು, ನಿಪ್ಪಾಣಿ, ಶೇಡಬಾಳಗಳ ಗಾದಿಗಳಲ್ಲಿ ಯಾರೂ ಉಳಿದಿರಲಿಲ್ಲ. ಚಿಕ್ಕೋಡಿಯೂ ಅಥಣಿಯೂ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿ ಕಲೆಕ್ಟರನ ಕಚೇರಿಗೆ ಕಂದಾಯ ಕಟ್ಟುತ್ತಿದ್ದವು. ನಡುವೆ ಸಿಕ್ಕ ರಾಯಬಾಗವು 1949ರಲ್ಲಿ ಕೊಲ್ಲಾಪುರ ಸಂಸ್ಥಾನವೇ ವಿಲೀನವಾಗುವವರೆಗೆ ಛತ್ರಪತಿಯ ಮಹಾಲಾಗಿ ನಡೆದು, ಆಮೇಲೆ ಅವುಗಳ ಜತೆ ಸೇರಿತು.